ಕೋವಿಗೆ ಫೈಬರ್ ಸ್ಟಾಕ್ ಹಾಕಿಸ್ತೀರಾ? ಹಳೇ ಮರ ಮಾತ್ರ ಅಂಗಡೀಲಿ ಬಿಟ್ಟು ಬರಬೇಡಿ

ಸ್ಟಾಕ್ ಅಂದರೆ ನಳಿಕೆ ಕೂರುವ, ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗ. ಅದನ್ನು ಬದಲಾಯಿಸೋಕೆ ಹೋಗಿ, ಹದಿನಾರು ಸಾವಿರ ಕೊಟ್ಟು ಅಜ್ಜನ ರೈಫಲ್ ಹಾಳು ಮಾಡಿಕೊಂಡಿದ್ದೇನೆ. ಮನೆಯಲ್ಲಿ ಒಂಬತ್ತು ಸಾವಿರ ಅಂತ ಹೇಳಿದ್ದೇನೆ. ನಾಚಿಕೆ ಆಗುತ್ತೆ, ಆದರೂ ಬರೀತಿದ್ದೇನೆ. ಮಳೆ ನಿಂತ ಕೂಡಲೇ ನಮ್ಮ ಕೊಡಗಿನವರೇ ಇನ್ನೂ ನಾಲ್ಕು ಜನ ಅದೇ ಅಂಗಡಿ ಮೆಟ್ಟಿಲು ಹತ್ತುತ್ತಾರೆ.

ನಮ್ಮ ಮನೆ ಭಾಗಮಂಡಲದ ಕಡೆ. ಅಲ್ಲಿನ ಮಳೆ ಹೇಗೆ ಅಂತ ಬಿಡಿಸಿ ಹೇಳಬೇಕಾ? ಜೂನ್‌ನಲ್ಲಿ ಶುರುವಾದರೆ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಕೋವಿ ಎಲ್ಲದಕ್ಕೂ ಬೂಸ್ಟು. ಅಜ್ಜನ .22 ರೈಫಲ್ ವಿದೇಶದ್ದು, ಮರ ಅಕ್ರೋಟಿನದು. ಕಳೆದ ವರ್ಷ ಕೈಲ್ ಮುಹೂರ್ತದ ದಿನ, ಅಂದರೆ ನಮ್ಮ ಆಯುಧ ಪೂಜೆ ಹಬ್ಬದ ದಿನ, ಪೂಜೆ ಮುಗಿಸಿ, ನಳಿಕೆ ಬಾಯಿಗೆ ಸಿಕ್ಕಿಸಿದ್ದ ತೋಕ್ ಪೂ ಹೂವು ತೆಗೆದಿಟ್ಟು, ತೆಂಗಿನಕಾಯಿಗೆ ಹೊಡೆಯೋಕೆ ನಿಂತರೆ ಮೂರು ಗುಂಡೂ ಎಡಕ್ಕೆ ಹೋದವು. ಮರ ನೀರು ಕುಡಿದು ಉಬ್ಬಿ ನಳಿಕೆಯನ್ನು ಒಂದು ಕಡೆಯಿಂದ ಒತ್ತುತ್ತಿತ್ತು. ಅದು ಆಗ ನನಗೆ ಗೊತ್ತಿರಲಿಲ್ಲ. ಮರ ಹಳೇದಾಯ್ತು, ಬದಲಾಯಿಸಬೇಕು ಅಂದುಕೊಂಡೆ. ಅಲ್ಲೇ ನಾನು ಎಡವಿದ್ದು.

ಕೋವಿಗೆ ಲೈಸೆನ್ಸ್ ಬೇಡ ಅಂತ ನಮಗೆ ಕೊಡೋ ವಿನಾಯಿತಿ ಪತ್ರ ಹಿಡಿದು, ಕೋವಿ ಕಟ್ಟಿಕೊಂಡು ಪೇಟೆ ಅಂಗಡಿಗೆ ಹೋದೆ. ಹೆಸರು ಹಾಕಲ್ಲ. ಲೈಸೆನ್ಸ್ ಇರೋ ಅಂಗಡಿಯೇ, ಗೋಡೆ ಮೇಲೆ ಫ್ರೇಮ್ ಹಾಕಿ ನೇತುಹಾಕಿದ್ದಾರೆ. ಆ ಮನುಷ್ಯ ಕೋವಿ ನೋಡಿದ್ದು ಒಂದು ನಿಮಿಷ ಇರಬಹುದು. "ಸಾರ್, ಮರದ ಕಾಲ ಮುಗೀತು. ಈಗ ಎಲ್ಲಾ ಫೈಬರ್. ನೀರಲ್ಲಿ ನೆನೆಸಿಟ್ರೂ ಏನಾಗಲ್ಲ."

ಮಾತೇನೋ ಸುಳ್ಳಲ್ಲ. ಪ್ಲಾಸ್ಟಿಕ್ ನೀರು ಕುಡಿಯಲ್ಲ. ನಮ್ಮ ಮನೆ ಬಕೆಟ್ಟೂ ಕುಡಿಯಲ್ಲ.

ಹದಿನಾರೂವರೆ ಸಾವಿರ ಅಂದ. ಹತ್ತು ದಿನ ಬಿಟ್ಟು ತರೋಕೆ ಹೋದಾಗ, ಕೌಂಟರ್ ಮೇಲಿದ್ದ ಅಜ್ಜನ ಮರಾನ ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. "ಇದನ್ನೇನ್ ಮಾಡ್ತೀರಾ ಸಾರ್, ಹೆಂಗೂ ಒಲೆಗೇ. ಬಿಟ್ಹೋಗಿ, ಐನೂರು ಕಮ್ಮಿ ಮಾಡ್ತೀನಿ." ನಾನು ಥ್ಯಾಂಕ್ಸ್ ಬೇರೆ ಹೇಳಿದೆ! ಇದನ್ನು ನೆನೆಸಿಕೊಂಡರೆ ಈಗಲೂ ರಾತ್ರಿ ನಿದ್ದೆ ಬರಲ್ಲ. ಮೂತಿ ಹತ್ತಿರ ಸಣ್ಣದಾಗಿ ಎದ್ದ ಸಿಪ್ಪೆ, ಕೆನ್ನೆ ತಾಗುವ ಕಡೆ ಮೂರು ತಲೆಮಾರಿನ ಎಣ್ಣೆ ಹತ್ತಿ ಕಪ್ಪಾದ ಜಾಗ. ಐನೂರು ರೂಪಾಯಿಗೆ ಬಿಟ್ಟು ಬಂದೆ.

ಮನೆಗೆ ಬಂದು ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ನಳಿಕೆ ಕೆಳಗಿನ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದೆ. ಬಾಗಿತು. ಬಾಗಿ ನಳಿಕೆಗೆ ತಾಗಿತು! ಹಿಂಬದಿ ತಟ್ಟಿದರೆ ಖಾಲಿ ಡಬ್ಬದ ಸದ್ದು. ಎರಡು ಅಚ್ಚು ಸೇರಿದ ಗೀಟು ಅಂಗೈಗೆ ಚುಚ್ಚುತ್ತೆ. ಅರ್ಧ ಗಂಟೆ ಹಿಡಿದಿದ್ದಕ್ಕೆ ಬೆವರಿಗೆ ಕಪ್ಪು ಬಣ್ಣ ಕೈಗೆ ಬಂತು. ಕೈಯಲ್ಲಿ ಹಿಡಿದು ಹೊಡೆದರೆ ಗುಂಡು ಒಂದು ಕಡೆ, ಮರಳಿನ ಚೀಲದ ಮೇಲಿಟ್ಟು ಹೊಡೆದರೆ ಇನ್ನೊಂದು ಕಡೆ. ಮರ ಮಳೆಗಾಲದಲ್ಲಿ ಮಾತ್ರ ಕೈಕೊಡ್ತಿತ್ತು. ಇದು ವರ್ಷವಿಡೀ.

ಫೋನ್ ಮಾಡಿದೆ. "ಸ್ಕ್ರೂ ಟೈಟ್ ಮಾಡಿ ಸಾರ್." ಮಾಡಿದೆ, ಸ್ಕ್ರೂ ತಲೆ ಪ್ಲಾಸ್ಟಿಕ್ ಒಳಗೇ ಇಳಿಯಿತು. ಮತ್ತೆ ಫೋನ್ ಮಾಡಿದೆ. "ನಿಮ್ ಬ್ಯಾರೆಲ್ ಹಳೇದು ಸಾರ್." ಫೈಬರ್ ಗ್ಲಾಸ್ ಅಂತ ತಾನೇ ದುಡ್ಡು ತಗೊಂಡಿದ್ದು ಅಂದೆ. "ಫೈಬರ್ ಅಂದೆ. ಗ್ಲಾಸ್ ಅಂತ ನಾನ್ ಯಾವಾಗ ಅಂದೆ?" ಬಿಲ್ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು "ರಿಪೇರಿ ಚಾರ್ಜ್", ಅಷ್ಟೇ. ಫೈಬರ್ ಅನ್ನೋ ಪದವೂ ಇಲ್ಲ. ಕೊನೆಗೆ, ಹೋಗಲಿ, ಹಳೇ ಮರನಾದ್ರೂ ವಾಪಸ್ ಕೊಡಿ ಅಂದೆ.

"ಯಾವ ಮರ ಸಾರ್?"

ಮೂರು ವಾರದ ನಂತರ ನಮ್ಮ ಭಾವ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದರು. ಹಿಂದಿನ ಶೆಲ್ಫ್‌ನಲ್ಲಿ ಅಜ್ಜನ ಮರಾನ ಪಾಲಿಶ್ ಹೊಡೆದು ನಿಲ್ಲಿಸಿದ್ದಾನೆ. ಬೆಲೆ ಎಂಟು ಸಾವಿರವಂತೆ. ಎಂಬತ್ತರ ದಶಕದಲ್ಲಿ ವಿದೇಶಿ ಕೋವಿ ತರಿಸೋದಕ್ಕೆ ಕಡಿವಾಣ ಬಿದ್ದ ಮೇಲೆ ಇಂಥ ಮೂಲ ಮರಕ್ಕೆ ಬೆಲೆ ಇದೆ ಅಂತ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಈ ವರ್ಷದ ಕೈಲ್ ಮುಹೂರ್ತಕ್ಕೆ ಪೂಜೆಗಿಟ್ಟ ಕೋವಿಗಳ ಸಾಲಲ್ಲಿ ದೊಡ್ಡಪ್ಪ ಇದನ್ನು ಎತ್ತಿ ತಿರುಗಿಸಿ ನೋಡಿ, "ಇದ್ಯಾರದ್ದು ಮಗ?" ಅಂತ ನನ್ನನ್ನೇ ಕೇಳಿದರು. ಅವರ ಅಪ್ಪನ ಕೋವಿ ಅದು. ಕಾಯಿಗೆ ಹೊಡೆಯೋಕೆ ನಾನು ಹೋಗಲೇ ಇಲ್ಲ.

ಆಮೇಲೆ ಕೋವಿ ಕೆಲಸ ಬಲ್ಲ ಹಿರಿಯರೊಬ್ಬರನ್ನು ಕೇಳಿದೆ. ಮರದ ಹೊರಗೆ ಪಾಲಿಶ್ ಇತ್ತು, ನಳಿಕೆ ಕೂರುವ ಒಳಗಿನ ಕಾಲುವೆ ಮಾತ್ರ ಪಾಲಿಶ್ ಇಲ್ಲದ ಬರೀ ಮರವೇ, ನೀರು ಕುಡಿದದ್ದು ಅಲ್ಲಿಂದ ಅಂದರು. ನೆರಳಲ್ಲಿ ನಿಧಾನ ಒಣಗಿಸಿ, ಒತ್ತುವ ಜಾಗ ಚೂರು ಕೆರೆದು, ಒಳಗೂ ಅಗಸೆ ಎಣ್ಣೆ ಕುಡಿಸಿದ್ದರೆ ಮುಗೀತಿತ್ತಂತೆ.

ಫೈಬರ್ ಬೇಡ ಅಂತ ನಾನು ಹೇಳ್ತಿಲ್ಲ. ಗಾಜಿನ ನಾರು ಪದರ ಪದರವಾಗಿ ಹಾಕಿ ಮಾಡಿದ ಗಟ್ಟಿ ಸ್ಟಾಕ್ ನಮ್ಮ ಮಳೆಗೆ ಮರಕ್ಕಿಂತ ವಾಸಿ. ಆದರೆ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒತ್ತಿ ನೋಡಿ, ತಟ್ಟಿ ನೋಡಿ. ಏನರಲ್ಲಿ ಮಾಡಿದ್ದು ಅಂತ ಬಿಲ್‌ನಲ್ಲಿ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಹಳೇ ಮರ ಹುಳ ಹಿಡಿದಿದ್ದರೂ ಮನೆಗೆ ತನ್ನಿ.

ಇನ್ನೊಂದು. ಭಾವ ಮತ್ತೆ ಹೋದಾಗ ಆ ಮರ ಶೆಲ್ಫ್‌ನಲ್ಲಿ ಇರಲಿಲ್ಲವಂತೆ. ಹಿಂಬದಿ ತಗಡು ಬಿಚ್ಚಿದರೆ ಒಳಗೆ ನಮ್ಮ ಮನೆ ಹೆಸರಿನ ಎರಡು ಅಕ್ಷರ ಕೊರೆದಿದೆ. ಯಾರಾದರೂ ಕೊಂಡಿದ್ದರೆ ದಯವಿಟ್ಟು ತಿಳಿಸಿ, ಬೆಲೆ ಎಷ್ಟಾದರೂ ಕೊಡ್ತೇನೆ. ಬೇಡ, ಎಷ್ಟಾದರೂ ಅಂದರೆ ಅವನ ಕಿವಿಗೇ ಮೊದಲು ಬೀಳುತ್ತೆ. ಎಂಟು ಸಾವಿರ ಕೊಡ್ತೇನೆ.