ಕ್ರಯೋಸ್ಯಾಟ್–ಸ್ಮಾಸ್ ಮಂಜುಗಡ್ಡೆ ದಪ್ಪದ ಡೇಟಾ: ವರ್ಷಗಟ್ಟಲೆ ಬಳಸಿದವರ ಅಭಿಪ್ರಾಯ

ಸೆಪ್ಟೆಂಬರ್‌ನಲ್ಲಿ ಆರ್ಕ್ಟಿಕ್ ಸಮುದ್ರದ ಮೇಲೆ ಎಷ್ಟು ಮಂಜುಗಡ್ಡೆ ಉಳಿಯುತ್ತದೆ ಅಂತ ಬೇಸಿಗೆಗೆ ಮೊದಲೇ ಅಂದಾಜು ಮಾಡುವ ಕೆಲಸ ನನ್ನದು. ಅದಕ್ಕೆ ಕ್ರಯೋಸ್ಯಾಟ್-2 ಮತ್ತು ಸ್ಮಾಸ್ ಉಪಗ್ರಹಗಳ ಅಳತೆ ಸೇರಿಸಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ತಯಾರಿಸುವ ಡೇಟಾ ಬಳಸುತ್ತೇನೆ. ಪುಕ್ಕಟೆ ಸಿಗುತ್ತದೆ.

ಮೊದಲೆಲ್ಲ ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗೆ ಗಡ್ಡೆಯ ವಿಸ್ತಾರವನ್ನಷ್ಟೇ ಕೊಡುತ್ತಿದ್ದೆವು. 1978ರಿಂದ ಇರುವ ಉಪಗ್ರಹಗಳ ಮೈಕ್ರೋವೇವ್ ದಾಖಲೆ, ನಂಬಬಹುದಾದದ್ದೇ. ಆದರೆ ಏಪ್ರಿಲ್ ನಕ್ಷೆ ನೋಡಿದರೆ ಒಂದು ಮೀಟರ್ ಗಡ್ಡೆಯೂ ಬಿಳಿ, ಮೂರು ಮೀಟರ್ ಗಡ್ಡೆಯೂ ಬಿಳಿ. ಬೇಸಿಗೆಯಲ್ಲಿ ಮೊದಲು ಕರಗೋದು ತೆಳ್ಳಗಿದ್ದದ್ದೇ ಅಲ್ವಾ? ದಪ್ಪವನ್ನೂ ಸೇರಿಸಿದ ಮೇಲೆ ಗಡ್ಡೆಯ ಅಂಚು ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನೋ ಅಂದಾಜು ಚೆನ್ನಾಗಿ ಸುಧಾರಿಸಿತು. ನನಗೆ ಇಷ್ಟೇ ಸಾಕು.

ಎರಡು ಉಪಗ್ರಹಗಳ ಜೋಡಿಯೂ ಸರಿಯಾಗಿದೆ. ಸ್ಮಾಸ್ ತೆಳು ಗಡ್ಡೆಗೆ, ಕ್ರಯೋಸ್ಯಾಟ್ ದಪ್ಪ ಗಡ್ಡೆಗೆ. ಆದರೆ ಕ್ರಯೋಸ್ಯಾಟ್‌ನ ರೇಡಾರ್ ದಪ್ಪವನ್ನು ನೇರವಾಗಿ ಅಳೆಯುವುದಿಲ್ಲ. ನೀರಿನ ಮೇಲೆ ತೇಲುವ ಭಾಗದ ಎತ್ತರ ಅಳೆದು, ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. 20 ಸೆಂ.ಮೀ. ಮೇಲಿದ್ದರೆ ಒಟ್ಟು ಸುಮಾರು 2 ಮೀಟರ್. ಹಾಗಾಗಿ ಮೇಲೆ 2 ಸೆಂ.ಮೀ. ತಪ್ಪಿದರೆ ಒಟ್ಟು ದಪ್ಪದಲ್ಲಿ ಸುಮಾರು 20 ಸೆಂ.ಮೀ. ತಪ್ಪುತ್ತದೆ! ಗಡ್ಡೆಯನ್ನು ಒತ್ತಿ ತಗ್ಗಿಸುವ ಮೇಲಿನ ಹಿಮದ ಪದರ ಎಷ್ಟು ಅನ್ನೋದು ಬೇರೆ ತಲೆನೋವು. ಅದಕ್ಕೆ ಬಹುಕಾಲದಿಂದ ಆಧಾರವಾಗಿರೋದು 1954ರಿಂದ 1991ರವರೆಗೆ ಮಂಜುಗಡ್ಡೆಯ ಮೇಲಿದ್ದ ಸೋವಿಯತ್ ತೇಲು ನಿಲ್ದಾಣಗಳಲ್ಲಿ ಅಳೆದ ಸರಾಸರಿ. ಅಂದಿನ ಆರ್ಕ್ಟಿಕ್ ಈಗೆಲ್ಲಿದೆ? ಫೈಲ್‌ನಲ್ಲಿ ದಪ್ಪದ ಜೊತೆಗೇ ಬರುವ ಅನಿಶ್ಚಿತತೆಯ ಅಂಕಿಯನ್ನು ಸುಮ್ನೆ ಬಿಟ್ಟುಬಿಡಬೇಡಿ. ಅದನ್ನು ನೋಡಿಯೇ ಮಾಡೆಲ್‌ಗೆ ಡೇಟಾವನ್ನು ಎಲ್ಲಿ ಜಾಸ್ತಿ ನಂಬಬೇಕು, ಎಲ್ಲಿ ಕಡಿಮೆ ಅಂತ ಹೇಳಬೇಕು.

ದೊಡ್ಡ ಕೊರತೆ ಒಂದಿದೆ. ಏಪ್ರಿಲ್ ಮಧ್ಯಕ್ಕೆ ಡೇಟಾ ನಿಂತುಬಿಡುತ್ತದೆ, ಮತ್ತೆ ಶುರುವಾಗುವುದು ಅಕ್ಟೋಬರ್‌ನಲ್ಲಿ. ಬೇಸಿಗೆಯಲ್ಲಿ ಗಡ್ಡೆಯ ಮೇಲೆ ನೀರು ನಿಂತರೆ ರೇಡಾರ್‌ಗೆ ಅದು ತೆರೆದ ಸಮುದ್ರದಂತೆ ಕಾಣುತ್ತದೆ. ನಮಗೆ ಡೇಟಾ ಬೇಕಾಗಿರೋದೇ ಮೇ, ಜೂನ್‌ನಲ್ಲಿ! ಮೇ ತಿಂಗಳಿಗೂ ಮುಂಚೆ ಹೊರಡಿಸಿದ ಮುನ್ಸೂಚನೆ ಮೊದಲೇ ಅಷ್ಟಕ್ಕಷ್ಟೆ. ವರ್ಷಪೂರ್ತಿ ದಪ್ಪ ಕೊಡುವ ಬೇರೆ ಡೇಟಾ 2022ರಲ್ಲಿ ಬಂದಿದೆ. ಹಳೆಯ ವರ್ಷಗಳ ಮೇಲೆ ಪರೀಕ್ಷೆ ಮಾಡಲು ಅದನ್ನೂ ಜೊತೆಗಿಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹಡಗಿನ ದಾರಿ ನೋಡುವವರಿಗೆ ಮಾತ್ರ ಇದು ಬೇಡ. 25 ಕಿ.ಮೀ.ಗೆ ಒಂದು ಚೌಕ ಅಂದರೆ ಕೆನಡಾ ದ್ವೀಪಗಳ ನಡುವಿನ ಕಿರಿದಾದ ಜಲಸಂಧಿಗಳು ಸರಿಯಾಗಿ ಕಾಣುವುದೇ ಇಲ್ಲ. ಅವರು ದಿನನಿತ್ಯದ ಐಸ್ ಚಾರ್ಟ್ (ಮಂಜುಗಡ್ಡೆಯ ನಕ್ಷೆ) ನೋಡುವುದೇ ವಾಸಿ.