ಸ್ವಿಫ್ಟಿಗೆ ಅಲಾಯ್ ವೀಲ್, ಲೋವರಿಂಗ್ ಸ್ಪ್ರಿಂಗ್: 34,000 ಕಿ.ಮೀ. ಓಡಿಸಿದ ಮೇಲೆ

ನನ್ನದು 2014ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಮನೆ ಚಿಕ್ಕಮಗಳೂರು, ಕೆಲಸ ಹಾಸನ. ವಾರಕ್ಕೆರಡು ಸಲ ಬೇಲೂರಿನ ಮೇಲೆ ಹೋಗಿ ಬರುತ್ತೇನೆ. ಭಾನುವಾರ ಆಲ್ದೂರು ಕಡೆ ಇರುವ ತೋಟಕ್ಕೆ. ಈ ತೋಟದ ದಾರಿ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

2021ರ ಡಿಸೆಂಬರಿನಲ್ಲಿ ಟೈರು ಪೂರ್ತಿ ಸವೆದಿತ್ತು, ಕೈಯಲ್ಲಿ ಐವತ್ತು ಸಾವಿರ ಇತ್ತು. ಅಷ್ಟು ದುಡ್ಡಿಟ್ಟುಕೊಂಡು ಬರೀ ಟೈರು ಹಾಕಿಸಿ ಬರೋಕೆ ಮನಸ್ಸಾಗಲಿಲ್ಲ.

ನನ್ನ ಗಾಡಿಗೆ ಬಂದಿದ್ದು 165/80 ಆರ್14 (ಟೈರಿನ ಅಗಲ 165 ಮಿ.ಮೀ., ಪಕ್ಕದ ರಬ್ಬರಿನ ಎತ್ತರ ಅದರ ಶೇ. 80, ರಿಮ್ 14 ಇಂಚು), ಕಬ್ಬಿಣದ ವೀಲ್. ಅದೇ ಸ್ವಿಫ್ಟಿನ ಝಡ್‌ಎಕ್ಸ್‌ಐ ಮಾಡೆಲ್‌ಗೆ ಕಂಪನಿಯೇ 185/65 ಆರ್15 ಕೊಡುತ್ತಿತ್ತು. ಎರಡರ ಒಟ್ಟು ಎತ್ತರ ಹೆಚ್ಚುಕಮ್ಮಿ 620 ಮಿ.ಮೀ., ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಅಂಗಡಿಯವನು 16 ಇಂಚು ಹಾಕಿಸಿ, ಲುಕ್ ಬರುತ್ತೆ ಅಂದ. 195/55 ಆರ್16 ಕೂಡ ಅಷ್ಟೇ ಎತ್ತರ, ನಿಜ. ಆದರೆ ರಿಮ್ಮಿಗೂ ರೋಡಿಗೂ ನಡುವೆ ಇರುವ ರಬ್ಬರ್ 132 ಮಿ.ಮೀ.ಯಿಂದ 107ಕ್ಕೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ರೋಡು ಹೇಗಿರುತ್ತದೆ ಅಂತ ಗೊತ್ತಲ್ವಾ? ಒಂದು ಗುಂಡಿ ಸಾಕು, ರಿಮ್ ಬೆಂಡ್. 15ರಲ್ಲಿ 120 ಉಳಿಯುತ್ತದೆ. ಅದಕ್ಕೇ 15 ಸಾಕು ಅಂದೆ.

ಸೆಕೆಂಡ್‌ಹ್ಯಾಂಡ್ ಅಲಾಯ್ ನಾಲ್ಕಕ್ಕೆ 13,000, ಹೊಸ ಟೈರಿಗೆ 19,500 ಆಯಿತು. ನಾಲ್ಕು ಬೋಲ್ಟು, 100 ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಮಿ.ಮೀ.ನಲ್ಲಿ), ಎಲ್ಲ ಸರಿಯಾಗಿ ಕೂತಿತು. ಆದರೆ 85 ದಾಟಿದರೆ ಸ್ಟೀರಿಂಗ್ ನಡುಗುತ್ತಿತ್ತು. ಹಾಕಿಕೊಟ್ಟ ಅಂಗಡಿಗೆ ಎರಡು ಸಲ ಹೋದೆ, ಎರಡು ಸಲವೂ ಬ್ಯಾಲೆನ್ಸಿಂಗ್ ಮಾಡಿ ದುಡ್ಡು ತಗೊಂಡರು, ನಡುಕ ಹೋಗಲಿಲ್ಲ. ಕೊನೆಗೆ ಹಾಸನದ ಹಳೇ ಮೆಕ್ಯಾನಿಕ್ ಒಬ್ಬರು ವೀಲ್ ಬಿಚ್ಚಿ ನಡುವಿನ ತೂತು ತೋರಿಸಿದರು. ಸ್ವಿಫ್ಟಿನ ಹಬ್, ಅಂದರೆ ಆ ತೂತಿನೊಳಗೆ ಕೂರುವ ಗುಂಡನೆಯ ಭಾಗ, 54.1 ಮಿ.ಮೀ., ಈ ವೀಲಿನ ತೂತು 67.1. ವೀಲು ಹಬ್ ಮೇಲೆ ಕೂರದೆ ಬರೀ ನಟ್ಟಿನ ಮೇಲೆ ನಿಂತಿತ್ತು. ನಾನೂರು ರೂಪಾಯಿಗೆ ನಾಲ್ಕು ಪ್ಲಾಸ್ಟಿಕ್ ರಿಂಗು ಹಾಕಿದರು, ನೂರರಲ್ಲೂ ನಡುಕ ಇಲ್ಲ. ಹಳೇ ಅಲಾಯ್ ತಗೊಳ್ಳುವವರು ಬಣ್ಣ ನೋಡುವ ಮೊದಲು ಈ ತೂತು ಅಳೆಯಿರಿ. ಝಡ್‌ಎಕ್ಸ್‌ಐನಿಂದ ಬಿಚ್ಚಿದ ಕಂಪನಿ ವೀಲೇ ಸಿಕ್ಕಿದರೆ ಈ ತಲೆನೋವೇ ಇಲ್ಲ.

ಟೈರಿನ ಬಗ್ಗೆ ದೂರೇ ಇಲ್ಲ. ಜುಲೈ ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುತ್ತದೆ ಅನ್ನುವ ಧೈರ್ಯ ಬಂದಿದೆ. ಮೈಲೇಜ್ ಲೀಟರಿಗೆ ಒಂದು ಕಿ.ಮೀ. ಕಡಿಮೆ ಆಯಿತು, ಹೋಗಲಿ.

ಇನ್ನು ಲೋವರಿಂಗ್ ಸ್ಪ್ರಿಂಗ್, ಅಂದರೆ ಗಾಡಿಯನ್ನು ನೆಲದ ಹತ್ತಿರಕ್ಕೆ ಇಳಿಸುವ ಗಿಡ್ಡ ಸ್ಪ್ರಿಂಗ್. ಒಬ್ಬ ಮೆಕ್ಯಾನಿಕ್ 1,500ಕ್ಕೆ ಹಳೇ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿಕೊಡುತ್ತೇನೆ ಅಂದ. ದಯವಿಟ್ಟು ಮಾಡಿಸಬೇಡಿ. ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಗಾಡಿ ಎಗರಿದಾಗ ಜಾರಿ ಪಕ್ಕಕ್ಕೆ ಹೋಗಬಹುದು. ನಾನು 35 ಮಿ.ಮೀ. ಇಳಿಸುವ ಹೊಸ ಸೆಟ್ ತಗೊಂಡೆ: 12,500, ಮೇಲೆ ಕೂಲಿ 2,500. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ ಸೆಟ್) ನನ್ನ ಬಜೆಟ್ಟಿನ ಆಚೆ.

ಬೇಲೂರು–ಹಾಸನ ರೋಡಿನಲ್ಲಿ, ಒಬ್ಬನೇ ಇದ್ದಾಗ, ಖುಷಿ ಅಂದರೆ ಖುಷಿ. ತಿರುವಿನಲ್ಲಿ ಗಾಡಿ ವಾಲುವುದೇ ಇಲ್ಲ. ನೋಡೋಕೂ ಚೆಂದ, ಪೆಟ್ರೋಲ್ ಬಂಕಿನಲ್ಲಿ ಹುಡುಗರು ಎಷ್ಟಾಯ್ತು ಸರ್ ಅಂತ ಕೇಳುತ್ತಿದ್ದರು.

ಆದರೆ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸೇ (ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ) 170 ಮಿ.ಮೀ. ಅದರಲ್ಲಿ 35 ಕಳೆದರೆ 135. ನಾಲ್ಕು ಜನ, ಡಿಕ್ಕಿಯಲ್ಲಿ ಗೊಬ್ಬರದ ಚೀಲ ಅಂದರೆ ಇನ್ನೂ ಕಡಿಮೆ. ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಊರುಗಳ ಹಂಪ್ ಹಾಕುವವರು ಟೇಪು ಹಿಡಿದಿದ್ದನ್ನು ನಾನಂತೂ ನೋಡಿಲ್ಲ. ತೋಟದ ದಾರಿಯಲ್ಲಿ ಎರಡೂ ಕಡೆ ಚಕ್ರದ ಜಾಡು, ನಡುವೆ ಕಲ್ಲಿನ ದಿಣ್ಣೆ. ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಮೂರು ಸಲ ಉಜ್ಜಿತು. ಅಪ್ಪ ಗೇಟಿನ ಹತ್ತಿರವೇ ಇಳಿದು "ನೀನು ಬಾ, ನಾನು ನಡಕೊಂಡು ಹೋಗ್ತೀನಿ" ಅನ್ನೋಕೆ ಶುರು ಮಾಡಿದರು.

ಒಂದು ತಪ್ಪು ನನ್ನದೇ. ಸ್ಪ್ರಿಂಗ್ ಹಾಕಿಸಿ ಅಲೈನ್‌ಮೆಂಟ್ ಆಮೇಲೆ ಮಾಡಿಸೋಣ ಅಂತ ತಿಂಗಳು ತಳ್ಳಿದೆ. ಮುಂದಿನ ಟೈರುಗಳ ಒಳ ಅಂಚು ಅಷ್ಟರಲ್ಲೇ ತಿಂದುಹೋಗಿತ್ತು. ಇಳಿಸಿದ ದಿನವೇ ಮಾಡಿಸಬೇಕು. ಶಾಕ್ ಅಬ್ಸಾರ್ಬರ್ ಕಥೆಯೂ ಇದೆ: ಕಂಪನಿ ಶಾಕ್‌ಗೆ ಗಿಡ್ಡ ಸ್ಪ್ರಿಂಗ್ ಹಾಕಿದರೆ ಅದಕ್ಕೆ ಕುಗ್ಗೋಕೆ ಜಾಗ ಕಡಿಮೆ, ಪದೇಪದೇ ಬಂಪ್ ರಬ್ಬರಿಗೆ ಬಡಿಯುತ್ತದೆ. ನನ್ನ ಗಾಡಿಯ ಮುಂಭಾಗದ ಎರಡೂ ಶಾಕ್ 28,000 ಕಿ.ಮೀ.ಗೆ ಆಯಿಲ್ ಸೋರಿದವು.

ಕಾನೂನೂ ತಿಳಿದಿರಲಿ. ಕಂಪನಿ ಕೊಟ್ಟ ಮೂಲ ರೂಪವನ್ನು ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಇದನ್ನು ಓದಿದ್ದು ಸ್ಪ್ರಿಂಗ್ ಹಾಕಿಸಿದ ಮೇಲೆ.

2024ರ ಜೂನಿನಲ್ಲಿ, ಮಳೆ ಹಿಡಿಯುವ ಮೊದಲು, ಹೊಸ ಶಾಕ್ ಜೊತೆ ಹಳೇ ಸ್ಪ್ರಿಂಗನ್ನೇ ವಾಪಸ್ ಹಾಕಿಸಿದೆ. ಪುಣ್ಯಕ್ಕೆ ಗುಜರಿಗೆ ಹಾಕಿರಲಿಲ್ಲ. ವೀಲು, ಟೈರು ಹಾಗೇ ಇವೆ, ಅವಕ್ಕೆ ಐದಕ್ಕೆ ನಾಲ್ಕೂವರೆ. ಸ್ಪ್ರಿಂಗಿಗೆ ಎರಡು, ಅದೂ ಬೇಲೂರು ರೋಡಿನ ಋಣಕ್ಕೆ. ಅಪ್ಪ ಈಗ ಮನೆ ಬಾಗಿಲ ತನಕ ಕಾರಲ್ಲೇ ಬರುತ್ತಾರೆ. ಸ್ಪ್ರಿಂಗ್ ಸೆಟ್ ಅಟ್ಟದಲ್ಲಿದೆ. ತೋಟ ಇಲ್ಲದವರು ಯಾರಾದರೂ ಕೇಳಿದರೆ ಅರ್ಧ ಬೆಲೆಗೆ ಕೊಡುತ್ತೇನೆ.