ಪಿಕಪ್ ಬಾಡಿಗೆ: ಟೊಮೆಟೊ, ಮನೆ ಶಿಫ್ಟಿಂಗ್, ಶಾಮಿಯಾನ – ಮೂರನ್ನೂ ಓಡಿಸಿ ನೋಡಿದ್ದೇನೆ

ನಮ್ಮೂರು ಶ್ರೀನಿವಾಸಪುರದ ಹತ್ತಿರ. ತೋಟದ ಕೆಲಸಕ್ಕೆ ಅಂತ 2022ರಲ್ಲಿ ಬೊಲೆರೊ ಪಿಕಪ್ ತಗೊಂಡೆ. ತೋಟಕ್ಕೆ ಗಾಡಿ ಬೇಕಾಗೋದು ವಾರಕ್ಕೆ ಎರಡು ದಿನ, ಇಎಂಐ ಮಾತ್ರ ತಿಂಗಳು ತಪ್ಪೋದಿಲ್ಲ. ಅದಕ್ಕೇ ಉಳಿದ ದಿನ ಬಾಡಿಗೆಗೆ ಇಳಿಸಿದೆ.

ಮೊದಲು ಟೊಮೆಟೊ. ಬೆಳಗಿನ ಜಾವ ನಾಲ್ಕಕ್ಕೆ ಮೂರ್ನಾಲ್ಕು ತೋಟ ಸುತ್ತಿ ಲೋಡ್ ಮಾಡಿಕೊಂಡು ಕೋಲಾರ ಎಪಿಎಂಸಿಗೆ ಹೋಗುತ್ತೇನೆ. ಬಾಕ್ಸಿಗೆ 15 ಕೆಜಿ. 100 ಬಾಕ್ಸ್ ಅಂದರೆ ಹಣ್ಣೇ 1,500 ಕೆಜಿ, ಬಾಕ್ಸಿನ ತೂಕ ಬೇರೆ. ನನ್ನ ಗಾಡಿ 1.7 ಟನ್ನಿನದು, ಅಷ್ಟಕ್ಕೇ ಸಾಕು. ಆದರೆ ರೇಟು ಏರಿದಾಗ ರೈತರು ಬಿಡಬೇಕಲ್ಲ, ‘ಇನ್ನೊಂದು ಸಾಲು ಹಾಕಣ್ಣ’ ಅಂತಾರೆ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದಾಗ ನಾನೂ 20 ಬಾಕ್ಸ್ ಜಾಸ್ತಿ ಹಾಕಿಸಿಕೊಂಡೆ. ಹಂಪ್ ಹತ್ತಿ ಇಳಿಯುವಾಗ ಹಿಂದಿನ ಸ್ಪ್ರಿಂಗ್ ಪ್ಲೇಟು ಪಟ್ ಅಂತ ಮುರಿಯಿತು. ಬಾಕ್ಸಿಗೆ 12 ರೂಪಾಯಿ ಬಾಡಿಗೆಯಂತೆ ಆ ಸಾಲಿಗೆ ಬಂದಿದ್ದು 240 ರೂಪಾಯಿ, ರಿಪೇರಿಗೆ ಹೋಗಿದ್ದು 3,800. ಹಣ್ಣಿನ ರೇಟು ಎಷ್ಟೇ ಏರಲಿ, ನಮ್ಮ ಬಾಡಿಗೆ ಏರೋದಿಲ್ಲ, ಇದು ನೆನಪಿರಲಿ.

ಡೀಸೆಲ್, ಮಂಡಿಯ ಟೀ ತಿಂಡಿ ಎಲ್ಲಾ ಕಳೆದು ಟ್ರಿಪ್ಪಿಗೆ ಕೈಗೆ ಸಿಗೋದು 600–700. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ಹತ್ತೂವರೆಗೆ ಮನೆಯಲ್ಲಿರುತ್ತೇನೆ, ಇಡೀ ದಿನ ನನ್ನದು. ವಾಪಸ್ ಬರುವಾಗ ಖಾಲಿ ಬಾಕ್ಸ್ ತುಂಬಿಕೊಂಡು ಬರುತ್ತೇನೆ. ಅದಕ್ಕೆ ಬೇರೆ ಕಾಸಿಲ್ಲ, ಆದರೆ ಬಾಕ್ಸ್ ತೋಟಕ್ಕೆ ಇಳಿಸಿದವನಿಗೇ ನಾಳೆಯ ಲೋಡು. ರೇಟು ಬಿದ್ದು ರೈತರು ಹಣ್ಣನ್ನ ಗಿಡದಲ್ಲೇ ಬಿಟ್ಟ ವಾರ ಮಾತ್ರ ನಮಗೂ ಕೆಲಸವಿಲ್ಲ, ಆ ತೋಟಗಳ ಪಕ್ಕ ಗಾಡಿ ಓಡಿಸೋಕೂ ಬೇಜಾರು.

ಆಮೇಲೆ ಬೆಂಗಳೂರಿಗೆ ಹೋಗಿ ಕೆ.ಆರ್. ಪುರದ ಭಾಮೈದನ ಮನೆಯಲ್ಲಿದ್ದುಕೊಂಡು ಮೂರು ವಾರ ಗೂಡ್ಸ್ ಗಾಡಿ ಬುಕ್ ಮಾಡೋ ಆ್ಯಪ್ ಹಾಕಿಕೊಂಡು ಮನೆ ಶಿಫ್ಟಿಂಗ್ ಮಾಡಿದೆ. ದಿನಕ್ಕೆ 2,500 ಮುಟ್ಟಿದ್ದೂ ಇದೆ. ಆದರೆ ಕಮಿಷನ್ ಕಟ್ಟು, ಟ್ರಾಫಿಕ್ಕಲ್ಲಿ ಡೀಸೆಲ್ ಸುಡು, ಬೆಳಿಗ್ಗೆ ಸಂಜೆ ಕೆಲವು ರಸ್ತೆಗೆ ಗೂಡ್ಸ್ ಗಾಡಿ ಬಿಡೋದಿಲ್ಲ ಅಂತ ಕಾಯಿ. ಒಂದು ಕಡೆ ಅನ್‌ಲೋಡ್ ಮಾಡಿದ ಮೇಲೆ ಮುಂದಿನ ಆರ್ಡರಿಗೆ ಎಂಟು ಹತ್ತು ಕಿಲೋಮೀಟರ್ ಖಾಲಿ ಓಡಬೇಕು, ಅದಕ್ಕೆ ಯಾರೂ ದುಡ್ಡು ಕೊಡೋದಿಲ್ಲ. ಆದರೂ ಆ ಕೆಲಸದಲ್ಲಿ ಒಂದು ಸಮಾಧಾನ ಇತ್ತು. ಒಬ್ಬ ಅಜ್ಜಿ ತುಳಸಿ ಕುಂಡವನ್ನ ಹಿಂದೆ ಇಡೋಕೆ ಒಪ್ಪದೆ ಹೊಸ ಮನೆ ಬರೋವರೆಗೂ ಕ್ಯಾಬಿನ್‌ನಲ್ಲಿ ತೊಡೆ ಮೇಲೇ ಇಟ್ಟುಕೊಂಡು ಬಂದರು. ಇಳಿದವರೇ ನನಗೊಂದು ಲೋಟ ನೀರು ಹುಡುಕಿ ಕೊಟ್ಟರು.

ಶಾಮಿಯಾನದ ಬಾಡಿಗೆ ಊರಲ್ಲೇ ಸಿಗುತ್ತೆ, ಟ್ರಿಪ್ಪಿಗೆ ದುಡ್ಡೂ ಚೆನ್ನಾಗಿದೆ. ಪೈಪು, ಕುರ್ಚಿ, ಪಾತ್ರೆ ಅಂದರೆ ತೂಕವೂ ಕಮ್ಮಿ. ಕಷ್ಟ ಏನಂದ್ರೆ ಕಾಯೋದು: ರಿಸೆಪ್ಷನ್ ಮುಗಿದು ಬಿಚ್ಚಿ ತುಂಬುವಷ್ಟರಲ್ಲಿ ರಾತ್ರಿ ಒಂದು ಗಂಟೆ. ದುಡ್ಡು ಎಷ್ಟೋ ಸಲ ‘ಮುಂದಿನ ಮುಹೂರ್ತಕ್ಕೆ ಸೇರಿಸಿ ಕೊಡ್ತೀನಿ’. ಆಷಾಢದಲ್ಲಿ ಪೂರ್ತಿ ಖಾಲಿ. ನಮ್ಮ ಕಡೆ ಆಗ ಮಾವಿನ ಹಣ್ಣಿನ ಲೋಡ್ ಇರುತ್ತೆ, ಹಾಗಾಗಿ ನನಗೆ ನಡೀತು.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳೋದಿಲ್ಲ. ಸಾಮಾನು ಇಳಿಸಿದ ಮೇಲೆ ‘ಹಿಂದೆ ಕೂತ್ಕೋತೀವಿ ಬಿಡಣ್ಣ’ ಅಂತ ಹತ್ತು ಜನ ಹತ್ತೋಕೆ ಬರ್ತಾರೆ. ಗೂಡ್ಸ್ ಗಾಡಿಯಲ್ಲಿ ಹಾಗೆ ಜನ ತುಂಬೋದು ಕಾನೂನಿಗೂ ವಿರುದ್ಧ, ಏನಾದರೂ ಆದರೆ ಇನ್ಶೂರೆನ್ಸೂ ಕೈ ಹಿಡಿಯೋದಿಲ್ಲ. ದಯವಿಟ್ಟು ಹತ್ತಿಸಬೇಡಿ, ಬೈದುಕೊಂಡರೂ ಪರವಾಗಿಲ್ಲ. ಬಾಡಿಗೆಗೆ ಇಳಿಯುವ ಮುಂಚೆ ಹಳದಿ ಬೋರ್ಡು (ಬಾಡಿಗೆ ಗಾಡಿಯ ನಂಬರ್ ಪ್ಲೇಟು), ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟು), ಇನ್ಶೂರೆನ್ಸ್ ಮೂರೂ ಸರಿಯಿದೆಯಾ ನೋಡಿ.

ಈಗ ನನ್ನ ಲೆಕ್ಕ ಹೀಗಿದೆ: ಬೆಳಿಗ್ಗೆ ಟೊಮೆಟೊ, ಮುಹೂರ್ತ ಇದ್ದಾಗ ಶಾಮಿಯಾನ, ಅದೂ ಅರ್ಧ ದುಡ್ಡು ಮೊದಲೇ ಕೊಟ್ಟರೆ ಮಾತ್ರ. ಆ್ಯಪ್ ತೆಗೆದುಹಾಕಿದ್ದೇನೆ. ಭಾಮೈದ ಮಾತ್ರ ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ತಗೊಂಡು ಅದೇ ಆ್ಯಪ್‌ಗೆ ಸೇರಿದ. ಅವನಿಗೆ ಅದೇ ಸರಿ, ಸಣ್ಣ ಗಾಡಿ, ಮನೆ ಅಲ್ಲೇ ಇದೆ, ಮಧ್ಯಾಹ್ನ ಊಟಕ್ಕೂ ಮನೆಗೇ ಹೋಗ್ತಾನೆ.